ನಳಿಗೆ ಮೂತಿಯ ಥ್ರೆಡ್ ಪ್ರೊಟೆಕ್ಟರ್ ಕಚ್ಚಿಕೊಂಡಿದೆ, ಬಿಚ್ಚುವುದು ಹೇಗೆ?

ಗುರಿಕಾರ:

ಬೋಲ್ಟ್ ಆಕ್ಷನ್ ರೈಫಲ್, ಪಾಯಿಂಟ್ 223, ಸೆಕೆಂಡ್ ಹ್ಯಾಂಡ್. ನಳಿಗೆ ಮಾಮೂಲಿ ಕ್ರೋಮ್-ಮಾಲಿ ಉಕ್ಕು, ಬ್ಲೂಯಿಂಗ್ (ತುಕ್ಕು ತಡೆಯುವ ಕಪ್ಪು ಪದರ) ಆಗಿದೆ. ಮೂತಿಯಲ್ಲಿ 1/2×28 ಥ್ರೆಡ್ (ಅರ್ಧ ಇಂಚು ವ್ಯಾಸ, ಇಂಚಿಗೆ 28 ಸುತ್ತು) ಎಂದು ಕೈಪಿಡಿ ಹೇಳುತ್ತದೆ. ಅದರ ಮೇಲಿನ ಪ್ರೊಟೆಕ್ಟರ್, ಅಂದರೆ ಥ್ರೆಡ್ ಕಾಯುವ ತಿರುಪು ಬಳೆ, ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ.

ಪ್ರೊಟೆಕ್ಟರ್ ಉದ್ದ 16 ಮಿ.ಮೀ., ಹೊರ ವ್ಯಾಸ ಕ್ಯಾಲಿಪರ್‌ನಲ್ಲಿ 16.5 ಮಿ.ಮೀ. ಕಪ್ಪು ಬಣ್ಣ, ಸುತ್ತ ಸಣ್ಣ ನರ್ಲಿಂಗ್ (ಹಿಡಿತಕ್ಕೆ ಕೆತ್ತಿದ ಗೀರು). ಪಾನಾ ಹಾಕಲು ಚಪ್ಪಟೆ ಜಾಗ ಎಲ್ಲೂ ಇಲ್ಲ. ಬರಿಗೈಯಲ್ಲಿ, ಆಮೇಲೆ ರಬ್ಬರ್ ಹಾಳೆ ಸುತ್ತಿ, ಕೊನೆಗೆ ಬಟ್ಟೆ ಸುತ್ತಿ ವಾಟರ್ ಪಂಪ್ ಇಕ್ಕಳದಲ್ಲಿ ಪ್ರಯತ್ನಿಸಿದ್ದಾಯಿತು. ಇಕ್ಕಳ ಜಾರಿ ಎರಡು ಕಡೆ ನರ್ಲಿಂಗ್ ಸವೆದಿದೆ. ಇನ್ನೂ ದೊಡ್ಡ ಇಕ್ಕಳ ತರಬೇಕೇ, ಬೆಂಕಿ ತೋರಿಸಬೇಕೇ? ನಳಿಗೆಗೆ ಏಟಾಗಬಾರದು, ಪ್ರೊಟೆಕ್ಟರ್ ಹಾಳಾದರೆ ಚಿಂತೆಯಿಲ್ಲ.

ಕೋವಿ ರಿಪೇರಿ:

ದೊಡ್ಡ ಇಕ್ಕಳ ಬೇಡವೇ ಬೇಡ. ನಿಮ್ಮ ಅಳತೆಯನ್ನೇ ತೆಗೆದುಕೊಳ್ಳಿ. 1/2 ಇಂಚು ಅಂದರೆ 12.7 ಮಿ.ಮೀ. ಹೊರಗೆ 16.5. ಅಂದರೆ ಥ್ರೆಡ್ಡಿನ ಮೇಲೆ ಉಳಿದಿರುವ ಗೋಡೆ ಒಂದೊಂದು ಬದಿಗೆ ಬರೀ 1.9 ಮಿ.ಮೀ. ಇಷ್ಟು ತೆಳ್ಳನೆಯ ಬಳೆಯನ್ನು ಎರಡು ಬದಿಯಿಂದ ಅಮುಕಿದರೆ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅಮುಕಿದ ಜಾಗದಲ್ಲಿ ಒಳಗಿನ ಥ್ರೆಡ್ ನಳಿಗೆಯ ಥ್ರೆಡ್ಡನ್ನು ಇನ್ನಷ್ಟು ಕಚ್ಚುತ್ತದೆ. ನೀವು ತಿರುಗಿಸುವ ಬಲದ ಜೊತೆಗೇ ತಡೆಯುವ ಬಲವನ್ನೂ ನೀವೇ ಕೊಡುತ್ತಿರುತ್ತೀರಿ. ಇಕ್ಕಳ, ಪೈಪ್ ರೆಂಚು, ವೈಸಿನ ಚಪ್ಪಟೆ ದವಡೆ, ಮೂರಕ್ಕೂ ಇದೇ ಕಾಯಿಲೆ. ಸುತ್ತಲೂ ಒಂದೇ ಸಮನೆ ಹಿಡಿಯುವ ಸಾಧನ ಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೋಲ್ಟ್ ಹೊರಗೆ ತೆಗೆಯಿರಿ, ಮ್ಯಾಗಝೀನ್ ಬಿಚ್ಚಿ, ಚೇಂಬರಿಗೆ ಕಿರುಬೆರಳು ಹಾಕಿ ನೋಡಿ. ಮೂತಿಯ ಕಡೆ ಕೆಲಸ ಮಾಡುವಾಗ ಮುಖ ಅದರ ಎದುರಿಗೇ ಇರುತ್ತದೆ. ಬೋಲ್ಟ್ ಬೇರೆ ಕೋಣೆಯಲ್ಲಿರಲಿ.

ಆಮೇಲೆ ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನಾಲ್ಕು ವಿಷಯ ನೋಡಿ ಹೇಳಿ.

ಒಂದು, ಅಯಸ್ಕಾಂತ ಅಂಟುತ್ತದೆಯೇ? ಅಂಟದಿದ್ದರೆ ಅಲ್ಯೂಮಿನಿಯಮ್ಮೋ, ಕೆಲವು ಜಾತಿಯ ಸ್ಟೇನ್‌ಲೆಸ್ಸೋ ಇರಬೇಕು. ಇಕ್ಕಳ ಸವೆಸಿದ ಜಾಗದಲ್ಲಿ ಸೂಜಿಯಿಂದ ಗೀರಿದರೆ ಗೊತ್ತಾಗುತ್ತದೆ, ಅಲ್ಯೂಮಿನಿಯಮ್ ಬೆಣ್ಣೆಯ ಹಾಗೆ ಗೀರಿಸಿಕೊಳ್ಳುತ್ತದೆ.

ಎರಡು, ಪ್ರೊಟೆಕ್ಟರಿನ ಹಿಂಬದಿ ಶೋಲ್ಡರಿಗೆ (ಥ್ರೆಡ್ ಮುಗಿದು ನಳಿಗೆ ದಪ್ಪಗಾಗುವ ಮೆಟ್ಟಿಲಿಗೆ) ಕೂತಿರುವ ಗೆರೆ. ಸುತ್ತಲೂ ಒಂದೇ ಸಮ ಇದೆಯೇ, ಒಂದು ಬದಿ ಬಾಯಿ ಬಿಟ್ಟಿದೆಯೇ? 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಒಂದು ಕಡೆ ಹೋಗಿ ಇನ್ನೊಂದು ಕಡೆ ಹೋಗದಿದ್ದರೆ ಅಡ್ಡಥ್ರೆಡ್ ಆಗಿರುವ, ಅಂದರೆ ಥ್ರೆಡ್ ಸೊಟ್ಟಗೆ ಹತ್ತಿರುವ ಅನುಮಾನ. ಹಾಗಿದ್ದರೆ ಎಣ್ಣೆಯಿಂದ ಉಪಯೋಗವಿಲ್ಲ, ದಾರಿಯೇ ಬೇರೆ.

ಮೂರು, ಆ ಗೆರೆಯಲ್ಲಿ ಏನು ಕಾಣುತ್ತದೆ? ಕಂದು ಬಣ್ಣವಾದರೆ ತುಕ್ಕು. ಬಿಳಿ ಪುಡಿಯಾದರೆ ಅಲ್ಯೂಮಿನಿಯಮ್ಮಿನ ಸವಕಳಿ. ನೀಲಿ ಅಥವಾ ಕೆಂಪು ಚೂರು ಕಂಡರೆ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಾಕುವ ಅಂಟು). ಸಿಮೆಂಟಿನಂಥ ಬೂದು-ಬಿಳಿ ಹಳುಕಾದರೆ ರಾಕ್‌ಸೆಟ್ ಎಂಬ ಅಂಟು ಇರಬಹುದು. ಹಣೆಬರಹ ತೀರ್ಮಾನವಾಗುವುದು ಇಲ್ಲೇ.

ನಾಲ್ಕು, ಎಲ್ಲಾದರೂ ಸಣ್ಣ ಗ್ರಬ್ ಸ್ಕ್ರೂ, ಪಿನ್ನು, ವೆಲ್ಡ್ ಚುಕ್ಕೆ ಅರೆದ ಗುರುತು ಇದೆಯೇ? ಇದ್ದರೆ ತಿರುಗಿಸುವ ಮಾತೇ ಇಲ್ಲ. ಪಿನ್ನು ಹೊಡೆದು ವೆಲ್ಡ್ ಮಾಡಿರುವುದಕ್ಕೆ ಕೆಲವು ದೇಶಗಳಲ್ಲಿ ಕಾನೂನಿನ ಕಾರಣವೂ ಇರುತ್ತದೆ. ಅದನ್ನು ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರವೇ ಒಯ್ಯಬೇಕು.

ತಿರುಪು:

ದಿಕ್ಕು ಸರಿಯಾಗಿದೆಯೇ ಅಂತ ಯಾರೂ ಕೇಳಲಿಲ್ಲವಲ್ಲ. ಅರ್ಧಕ್ಕರ್ಧ ಜನ ಬಿಗಿ ಮಾಡುತ್ತಾ ಬಿಚ್ಚುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಮೂತಿಯನ್ನು ಎದುರಿನಿಂದ ನೋಡುವಾಗ ಬಲಗೈ ಥ್ರೆಡ್ ಬಿಚ್ಚುವುದು ಗಡಿಯಾರಕ್ಕೆ ವಿರುದ್ಧ. ರೈಫಲಿನ ಹಿಂದೆ ನಿಂತು ಕೈ ಚಾಚಿ ತಿರುಗಿಸಿದರೆ ಅದೇ ಬಿಚ್ಚುವ ದಿಕ್ಕು ಗಡಿಯಾರದ ಪ್ರಕಾರ ಕಾಣುತ್ತದೆ.

1/2×28, 5/8×24 ಸಾಮಾನ್ಯವಾಗಿ ಬಲಗೈ ಥ್ರೆಡ್. ಎಕೆ ಮಾದರಿಯ ಎಂ14×1 ಎಡಗೈ. ಅಲ್ಲಿ ಫ್ರಂಟ್ ಸೈಟ್ ಬುಡದಲ್ಲಿ ಸ್ಪ್ರಿಂಗ್ ಇರುವ ಒಂದು ಪುಟ್ಟ ಪ್ಲಂಜರ್ ನಟ್ಟಿನ ಕಚ್ಚಿಗೆ ಕೂತಿರುತ್ತದೆ. ಅದನ್ನು ಒಳಕ್ಕೆ ಒತ್ತದೆ ಭೀಮ ಬಂದರೂ ತಿರುಗಿಸಲಾರ.

ಎಣ್ಣೆ ಬಟ್ಟೆ:

ಎಣ್ಣೆ ಸುರಿಯುವ ಮುಂಚೆ ಒಂದು ಮಾತು, ಇದನ್ನು ಬಹಳ ಜನ ತಿರುವುಮುರುವು ಮಾಡುತ್ತಾರೆ. ಒಳಗಿರುವುದು ರಾಕ್‌ಸೆಟ್ ಆಗಿದ್ದರೆ ಅದಕ್ಕೆ ಮದ್ದು ನೀರು. ಅದು ಸೆರಾಮಿಕ್ ಜಾತಿಯ ಅಂಟು, ಸಾವಿರ ಡಿಗ್ರಿಗೂ ಜಗ್ಗುವುದಿಲ್ಲ, ಆದರೆ ನೀರಿನಲ್ಲಿ 12ರಿಂದ 24 ಗಂಟೆ ನೆನೆದರೆ ಮೆತ್ತಗಾಗುತ್ತದೆ. ಮೊದಲೇ ಎಣ್ಣೆ ಹಾಕಿಬಿಟ್ಟರೆ ನೀರು ಒಳಗಿಳಿಯುವುದಿಲ್ಲ. ಹಾಗಾಗಿ ಅನುಮಾನವಿದ್ದರೆ ಮೊದಲು ನೀರು, ಒಣಗಿಸಿ, ಆಮೇಲೆ ಎಣ್ಣೆ. ಮೂತಿ ಕೆಳಗೆ ಮಾಡಿ ಲೋಟದ ಬಿಸಿನೀರಿನಲ್ಲಿ ಪ್ರೊಟೆಕ್ಟರ್ ಮುಳುಗುವಷ್ಟು ಮಾತ್ರ ಇಳಿಸಿ. ಬೋರಿನೊಳಗೆ ಮೊದಲೇ ತೆಳ್ಳಗೆ ಎಣ್ಣೆ ಸವರಿ, ಮೂತಿಗೆ ರಬ್ಬರ್ ಬಿರಡೆ ಹಾಕಿರಬೇಕು. ತೆಗೆದ ಕೂಡಲೇ ಒರೆಸಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ.

ರಾಕ್‌ಸೆಟ್ ಅಲ್ಲ ಎಂದಾದರೆ ತೂರುವ ಎಣ್ಣೆ. ಕ್ರಾಯಿಲ್ ಥರದ್ದು ಸಿಕ್ಕರೆ ಒಳ್ಳೆಯದು. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಟ್ರಾನ್ಸ್‌ಮಿಷನ್ ಎಣ್ಣೆ ಅರ್ಧಕ್ಕರ್ಧ ಬೆರೆಸಿದರೂ ನಡೆಯುತ್ತದೆ, ಆದರೆ ಅದು ಸ್ಟಾಕಿನ ಪಾಲಿಶ್, ಪ್ಲಾಸ್ಟಿಕ್ ಎರಡನ್ನೂ ತಿನ್ನುತ್ತದೆ, ಬೆರೆಸಿಟ್ಟರೆ ಬೇರೆಯಾಗುತ್ತದೆ, ಪ್ರತಿ ಸಲ ಅಲ್ಲಾಡಿಸಬೇಕು. ಹತ್ತಿರ ಕಿಡಿ, ಬೆಂಕಿ ಕೂಡದು.

ಎಣ್ಣೆ ಎಲ್ಲಿಂದ ಒಳಹೋಗಬೇಕು ಅನ್ನುವುದೇ ಮುಖ್ಯ. ದಾರಿ ಎರಡೇ: ಹಿಂದೆ ಶೋಲ್ಡರಿನ ಗೆರೆ, ಮುಂದೆ ಕ್ರೌನ್ (ಗುಂಡು ಹೊರಬೀಳುವ ಬೋರಿನ ತುದಿಯ ಅಂಚು) ಸುತ್ತಿನ ಸಂದು. ರೈಫಲ್ ಮೂತಿ ಮೇಲೆ ಮಾಡಿ ನಿಲ್ಲಿಸಿ ಮುಂದಿನ ಸಂದಿಗೆ ಎರಡು ಮೂರು ಹನಿ ಹಾಕಿ. ನಾಲ್ಕು ಗಂಟೆಯ ನಂತರ ಮೂತಿ ಕೆಳಗೆ ಮಾಡಿ ಹಿಂದಿನ ಗೆರೆಗೆ ಎರಡು ಹನಿ. ಹೀಗೆ ಒಂದು ದಿನ ಪೂರ್ತಿ. ಮೂತಿ ಮೇಲಿದ್ದಾಗ ಬೋರಿಗೆ ಬಿರಡೆ ಇರಲೇಬೇಕು, ಇಲ್ಲದಿದ್ದರೆ ಎಣ್ಣೆ ಚೇಂಬರಿಗೂ ಸ್ಟಾಕಿನ ಬೆಡ್ಡಿಂಗಿಗೂ ಇಳಿಯುತ್ತದೆ. ಡಬ್ಬಿಗಟ್ಟಲೆ ಸ್ಪ್ರೇ ಹೊಡೆದರೆ ನೆಲ ನೆನೆಯುತ್ತದೆಯೇ ಹೊರತು ಥ್ರೆಡ್ ನೆನೆಯುವುದಿಲ್ಲ.

ನಡುನಡುವೆ 100 ಗ್ರಾಂ ಹಿತ್ತಾಳೆ ಸುತ್ತಿಗೆಯಿಂದ ಪ್ರೊಟೆಕ್ಟರಿನ ಸುತ್ತ ಮೆಲ್ಲಗೆ ತಟ್ಟಿ, ಎದುರು ಬದಿಗೆ ಮರದ ತುಂಡು ಆನಿಸಿ. ಕದಲಿಸುವುದಕ್ಕೆ ಮಾತ್ರ, ಜಜ್ಜುವುದಕ್ಕಲ್ಲ. ಮುಂದಿನ ಮುಖಕ್ಕೆ ತಟ್ಟಬೇಡಿ, ಅದರ ಒಳಗೆ ಕ್ರೌನ್ ಇದೆ.

ಗುರಿಕಾರ:

ನೋಡಿದೆ. ಅಯಸ್ಕಾಂತ ಅಂಟುವುದಿಲ್ಲ, ಸೂಜಿ ಸುಲಭವಾಗಿ ಗೀರುತ್ತದೆ, ಹಾಗಾಗಿ ಅಲ್ಯೂಮಿನಿಯಮ್. ಹಿಂದಿನ ಗೆರೆ ಸುತ್ತಲೂ ಸಮ, ಫೀಲರ್ ಎಲ್ಲೂ ಹೋಗುವುದಿಲ್ಲ. ಗೆರೆಯಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಬಿಳಿ ಪುಡಿ. ಒಂದು ಕಡೆ ನೀಲಿ ಚೂರಿನಂಥದ್ದೂ ಇದೆ. ಪಿನ್, ವೆಲ್ಡ್ ಏನೂ ಇಲ್ಲ. ದಿಕ್ಕು ಸರಿಯಾಗಿಯೇ ಇತ್ತು. ಎಣ್ಣೆ ಹಾಕುವುದು ಶುರು ಮಾಡಿದ್ದೇನೆ.

ಒಂದು ಕಡೆ ಓದಿದೆ, ನಳಿಗೆಯ ಮೂತಿಯನ್ನು ಐಸಿನಲ್ಲಿಟ್ಟರೆ ಲೋಹ ಕುಗ್ಗಿ ಸಡಿಲವಾಗುತ್ತದೆ ಅಂತ. ಮಾಡಬಹುದೇ?

ಲೇತ್ ಮೇಷ್ಟ್ರು:

ಮಾಡಿದರೆ ಇನ್ನೂ ಬಿಗಿಯಾಗುತ್ತದೆ. ಅಲ್ಯೂಮಿನಿಯಮ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು 12. ಕುಗ್ಗುವಾಗಲೂ ಅದೇ ಲೆಕ್ಕ. ಹೊರಗಿನ ಬಳೆ ಅಲ್ಯೂಮಿನಿಯಮ್, ಒಳಗಿನದು ಉಕ್ಕು. ತಣ್ಣಗಾದರೆ ಬಳೆ ಹೆಚ್ಚು ಕುಗ್ಗಿ ನಳಿಗೆಯನ್ನು ಅಪ್ಪಿಕೊಳ್ಳುತ್ತದೆ. ಬಿಸಿ ಮಾಡಿದರೆ ಬಳೆಯೇ ದೊಡ್ಡದಾಗುತ್ತದೆ. 12.7 ಮಿ.ಮೀ. ವ್ಯಾಸಕ್ಕೆ 100 ಡಿಗ್ರಿ ಏರಿದರೆ ವ್ಯತ್ಯಾಸ 0.014 ಮಿ.ಮೀ. ಕಡಿಮೆ ಅನಿಸಬಹುದು, ಆದರೆ ಸವಕಳಿಯ ಬಿಳಿ ಪುಡಿಯ ಹಿಡಿತ ಮುರಿಯಲು ಅಷ್ಟು ಸಾಕಾಗುತ್ತದೆ. ಈ ಜೋಡಿಯಲ್ಲಿ ಶಾಖ ನಿಮ್ಮ ಪಕ್ಷದಲ್ಲಿದೆ.

ನೀಲಿ ಚೂರು ಲಾಕ್‌ಟೈಟ್ 242 ಅಥವಾ 243 ಇರಬಹುದು. ನೀಲಿ ಅಂದರೆ ಕೈ ಸಲಕರಣೆಯಲ್ಲೇ ಬಿಚ್ಚುತ್ತದೆ ಅನ್ನುವುದು ಸಣ್ಣ ಸ್ಕ್ರೂಗಳ ಮಾತು. 28 ಥ್ರೆಡ್ಡಿನ ಲೆಕ್ಕದಲ್ಲಿ 15 ಮಿ.ಮೀ. ಉದ್ದಕ್ಕೆ ಹದಿನಾರು ಸುತ್ತು ಬರುತ್ತದೆ. ಹದಿನಾರು ಸುತ್ತಿಗೂ ನೀಲಿ ಬಳಿದಿದ್ದರೆ ಅದು ಕೆಂಪಿನಷ್ಟೇ ಗಟ್ಟಿ. ಕೆಂಪು 271ಕ್ಕೆ ತಯಾರಕರೇ ಹೇಳುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಬಿಸಿಯಿರುವಾಗಲೇ ಬಿಚ್ಚಿ ಅಂತ. ಆರಲು ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ.

ಬಿಸಿ ಮಾಡುವ ಕ್ರಮ: ಎಣ್ಣೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಅಸಿಟೋನ್ ಮಿಶ್ರಣ ಹಾಕಿದ್ದರೆ ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ರಬ್ಬರ್ ಬಿರಡೆ ತೆಗೆಯಿರಿ. ಬ್ಲೋ ಟಾರ್ಚ್ ಬೇಡ, ಹಾಟ್ ಏರ್ ಗನ್ ಸಾಕು. ಟಾರ್ಚಿನ ಜ್ವಾಲೆ ಒಂದೇ ಜಾಗ ಕಾಯಿಸುತ್ತದೆ, ಅಲ್ಯೂಮಿನಿಯಮ್ ಕೆಂಪಗಾಗಿ ಎಚ್ಚರಿಸುವುದೂ ಇಲ್ಲ. ಮೊದಲ ಸಲ 120 ಡಿಗ್ರಿಗೆ ಮಾತ್ರ ಹೋಗಿ ಆರಲು ಬಿಡಿ, ಮುಟ್ಟುವಷ್ಟಾದಾಗ ಗೆರೆಗೆ ಎರಡು ಹನಿ ಎಣ್ಣೆ ಹಾಕಿ. ಆರುತ್ತಾ ಇರುವ ಸಂದು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಮೂರು ನಾಲ್ಕು ಸಲ, ಪ್ರತಿ ಸಲ ಕಾಯಿಸುವ ಮುಂಚೆ ಹೊರಗಿನ ಎಣ್ಣೆ ಒರೆಸಿ. ಅಷ್ಟಕ್ಕೂ ಬಗ್ಗದಿದ್ದರೆ 250ರ ಹತ್ತಿರ.

ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಬೆಸುಗೆ ತಂತಿಯನ್ನು ಪ್ರೊಟೆಕ್ಟರಿಗೆ ಮುಟ್ಟಿಸಿ ನೋಡಿ. ತವರ-ಸೀಸ 60/40 ತಂತಿ ಸುಮಾರು 190ರಲ್ಲಿ ಕರಗುತ್ತದೆ, ಸೀಸವಿಲ್ಲದ ತವರ-ತಾಮ್ರ ತಂತಿ 227ರಲ್ಲಿ. ಎರಡನೆಯದು ಕರಗಿದರೆ ಗುರಿಯ ಹತ್ತಿರ ಇದ್ದೀರಿ.

ನಳಿಗೆಯ ಉಕ್ಕು ಹದಗೆಡುತ್ತದೆ ಅನ್ನುವ ಭಯ ಈ ಮಟ್ಟದಲ್ಲಿ ಬೇಡ. ಕ್ರೋಮ್-ಮಾಲಿ ನಳಿಗೆಗಳನ್ನು ಟೆಂಪರ್ ಮಾಡುವುದೇ 550 ಡಿಗ್ರಿಗೂ ಮೇಲೆ. ಭಯಪಡಬೇಕಾದದ್ದು ಬೇರೆ ಮೂರಕ್ಕೆ. ಫ್ರಂಟ್ ಸೈಟ್ ಮೂತಿಯ ಹತ್ತಿರ ಸಾಫ್ಟ್ ಸೋಲ್ಡರಿನಲ್ಲಿ ಕೂತಿದ್ದರೆ ಅದು ನಿಮ್ಮ ಪ್ರೊಟೆಕ್ಟರಿಗಿಂತ ಮೊದಲು ಬಿಚ್ಚಿಕೊಳ್ಳುತ್ತದೆ. ಪಾಲಿಶ್ ಮಾಡಿದ ಸ್ಟೇನ್‌ಲೆಸ್ ನಳಿಗೆ ಬಿಸಿ ಹೆಚ್ಚಾದರೆ ಹೊಂಬಣ್ಣಕ್ಕೆ ತಿರುಗಲು ಶುರು. ಕಾರ್ಬನ್ ಫೈಬರ್ ಸುತ್ತಿದ ನಳಿಗೆಗೆ ಶಾಖ ಪೂರ್ತಿ ನಿಷಿದ್ಧ, ಒಳಗಿನ ರಾಳ ಹಾಳಾಗುತ್ತದೆ. ನಿಮ್ಮದು ಮೂರೂ ಅಲ್ಲ. ಆದರೂ ಪ್ರೊಟೆಕ್ಟರಿನ ಹಿಂದೆ ಒಂದಂಗುಲ ಬಿಟ್ಟು ಒದ್ದೆ ಬಟ್ಟೆ ಸುತ್ತಿ.

ಕೋವಿ ರಿಪೇರಿ:

ಹಿಡಿಯುವ ವಿಷಯ. ಎರಡು ಕಡೆ ಹಿಡಿಯಬೇಕು, ನಳಿಗೆಯನ್ನೂ ಪ್ರೊಟೆಕ್ಟರನ್ನೂ. ಸ್ಟಾಕ್ ಅಥವಾ ಆಕ್ಷನ್ ಹಿಡಿದು ಮೂತಿ ತಿರುಗಿಸಿದರೆ ಆ ತಿರುಚುವ ಬಲ ಪೂರ್ತಿ ನಳಿಗೆಯ ಉದ್ದಕ್ಕೂ ಹೋಗಿ ಆಕ್ಷನ್ ಜೊತೆಗಿನ ಜೋಡಣೆಗೆ ಬೀಳುತ್ತದೆ. ಪ್ರೊಟೆಕ್ಟರಿನ ಬದಲು ನಳಿಗೆಯೇ ರಿಸೀವರಿನಿಂದ ಸಡಿಲವಾದರೆ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾ ಆನುವ ಜಾಗಕ್ಕೂ ಇರಬೇಕಾದ ಅಂತರ) ಹೋಯಿತು.

ನಳಿಗೆಗೆ: 50×50 ಮಿ.ಮೀ. ಗಟ್ಟಿಮರದ ತುಂಡು, 80 ಮಿ.ಮೀ. ಉದ್ದ. ಮೂತಿಯ ಹಿಂದೆ ನಳಿಗೆಯ ವ್ಯಾಸ ಎಷ್ಟಿದೆಯೋ ಅಷ್ಟೇ ತೂತು ಕೊರೆದು, ಆಮೇಲೆ ತೂತಿನ ನಡುವೆ ಸೀಳಿ. ಗರಗಸ ತಿಂದ ಎರಡು ಮಿ.ಮೀ. ಸಂದೇ ಅಮುಕಲು ಜಾಗ ಕೊಡುತ್ತದೆ. ಒಳಮೈಗೆ ರಾಳದ ಪುಡಿ ಉದುರಿಸಿ. ನಳಿಗೆಯ ಮೇಲೆ ಎಣ್ಣೆಯ ಪಸೆ ಇರಬಾರದು. ಶೋಲ್ಡರಿನ ಹಿಂದೆ 25ರಿಂದ 50 ಮಿ.ಮೀ. ಬಿಟ್ಟು ಹಿಡಿಸಿ ವೈಸಿಗೆ ಕಟ್ಟಿ. ಇದಕ್ಕಿಂತ ದೂರ ಹೋದಷ್ಟೂ ನಳಿಗೆ ತಿರುಚಿ ಸ್ಪ್ರಿಂಗಿನ ಹಾಗೆ ಬಲ ನುಂಗುತ್ತದೆ. ರೈಫಲಿನ ಹಿಂಭಾಗಕ್ಕೆ ಆಸರೆ ಕೊಡಿ, ನೇತಾಡಬಾರದು.

ಪ್ರೊಟೆಕ್ಟರಿಗೆ: ಮೊದಲ ಆಯ್ಕೆ ಸ್ಟ್ರಾಪ್ ರೆಂಚು, ಅಗಲ ಕಡಿಮೆ ಇರುವ ಬಟ್ಟೆ ಪಟ್ಟಿಯದು. ರಬ್ಬರ್ ಪಟ್ಟಿಯದು ಇಷ್ಟು ಸಣ್ಣ ವ್ಯಾಸಕ್ಕೆ ಜಾರುತ್ತದೆ, ಬಿಸಿಗೆ ಕರಗುತ್ತದೆ ಕೂಡ. ಎರಡನೆಯದು, ನನಗೆ ಹೆಚ್ಚು ನಂಬಿಕೆ ಇರುವುದು, ಎರಡು ಹೋಳಿನ ಶಾಫ್ಟ್ ಕಾಲರ್. 17 ಮಿ.ಮೀ. ಒಳವ್ಯಾಸದ್ದು ತಂದು, ನಡುವೆ 0.2 ಮಿ.ಮೀ. ಹಿತ್ತಾಳೆ ಹಾಳೆ ಒಂದು ಸುತ್ತು ಸುತ್ತಿ. ಎರಡೂ ಸ್ಕ್ರೂಗಳನ್ನು ಸಮಸಮ ಬಿಗಿ ಮಾಡಿ. ಸುತ್ತಲೂ ಅಪ್ಪಿ ಹಿಡಿಯುತ್ತದೆ, ಮೊಟ್ಟೆಯಾಕಾರ ಆಗುವುದಿಲ್ಲ. ಕಾಲರಿನ ಹೊರಮೈಯಲ್ಲಿ ಒಂದು ತೂತು ಕೊರೆದು ಸರಳು ಸಿಕ್ಕಿಸಿದರೆ ಅದೇ ಹಿಡಿ. ಕಾಲರನ್ನು ಜಾರದಷ್ಟು ಮಾತ್ರ ಬಿಗಿ ಮಾಡಿ. ಹುಚ್ಚುಬಿಗಿ ಮಾಡಿದರೆ ಅದೂ ಬಳೆಯನ್ನು ಕುಗ್ಗಿಸಿ ಥ್ರೆಡ್ ಕಚ್ಚಿಸುತ್ತದೆ.

ಎಷ್ಟು ಬಲ? 200 ಮಿ.ಮೀ. ಹಿಡಿಯ ತುದಿಗೆ 15 ಕೆಜಿ ಭಾರದಷ್ಟು ಒತ್ತಿದರೆ ಸುಮಾರು 30 ನ್ಯೂಟನ್ ಮೀಟರ್. ಮಝಲ್ ಬ್ರೇಕುಗಳನ್ನು ಕೂರಿಸುವುದೂ ಹೆಚ್ಚುಕಡಿಮೆ ಆ ಮಟ್ಟದಲ್ಲೇ. ಅದರ ದುಪ್ಪಟ್ಟು, 60 ತನಕ ಹೋಗಿ. ಆಗಲೂ ಬರದಿದ್ದರೆ ನಿಲ್ಲಿಸಿ ಮತ್ತೆ ಶಾಖಕ್ಕೆ ಹಿಂತಿರುಗಿ, ಪೈಪು ಸಿಕ್ಕಿಸಿ ಹಿಡಿ ಉದ್ದ ಮಾಡಬೇಡಿ. ಹಿಡಿಯ ತುದಿಗೆ ಮರದ ಸುತ್ತಿಗೆಯಿಂದ ಚುರುಕಾಗಿ ಒಂದೆರಡು ಏಟು ಕೊಡುವುದು ಉದ್ದದ ಪೈಪಿಗಿಂತ ಮೇಲು. ಗಟ್ಟಿಯಾಗಿ ಕೂತ ಪುಡಿ ಒತ್ತಡಕ್ಕಿಂತ ಅದುರಿಗೆ ಬೇಗ ಬಿಡುತ್ತದೆ.

ಬೋರಿನೊಳಗೆ ಸರಳು ಹಾಕಿ ಆಧಾರ ಕೊಡುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕ್ರೌನ್ ಅಂಚು ಗುಂಡಿಗೆ ತಾಗುವ ಕೊನೆಯ ಜಾಗ, ಅಲ್ಲಿ ಒಂದು ಗೀರಾದರೂ ಗುರಿಹಲಗೆಯ ಮೇಲೆ ಗುಂಡುಗಳ ಗುಂಪು ಚದುರುತ್ತದೆ.

ಹೊಸ ಕಣ್ಣು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಪಾಯಿಂಟ್ 22 ರಿಮ್‌ಫೈರಿಗೂ ಇದೇ ವಿಧಾನವೇ?

ತಿರುಪು:

ಬಹುಪಾಲು ಇದೇ, ಎರಡು ವ್ಯತ್ಯಾಸ. ಪಾಯಿಂಟ್ 22ರಲ್ಲಿ ಕಚ್ಚಿಕೊಳ್ಳುವುದು ತುಕ್ಕಿಗಿಂತ ಹೆಚ್ಚಾಗಿ ಮಸಿ, ಸೀಸ, ಗುಂಡಿನ ಮೇಣ ಮೂರೂ ಸೇರಿದ ಗಟ್ಟಿ ಹೊಟ್ಟು. ಅದು ಕ್ರೌನ್ ಮತ್ತು ಪ್ರೊಟೆಕ್ಟರಿನ ಮುಂದಿನ ತುಟಿಯ ನಡುವೆ ಕಟ್ಟಿರುತ್ತದೆ. ಕಾರ್ಬನ್ ಕರಗಿಸುವ ದ್ರಾವಣ ಹಾಕಿ, ನೈಲಾನ್ ಬ್ರಷ್ಷಿನಿಂದ ಆ ಮೂಲೆ ಕೆರೆದು, ಆಮೇಲೆ ಎಣ್ಣೆ.

ಎರಡನೆಯದು ಗಂಭೀರ. ಕೆಲವು ಪಾಯಿಂಟ್ 22 ಮಾದರಿಗಳಲ್ಲಿ ತೆಳುವಾದ ಒಳನಳಿಗೆಯನ್ನು ಹೊರಕೊಳವೆಯೊಳಗೆ ಎಳೆದು ಹಿಡಿದಿರುವುದೇ ಮೂತಿಯ ನಟ್ಟು. ನೋಡಲು ಪ್ರೊಟೆಕ್ಟರಿನ ಹಾಗೇ ಇರುತ್ತದೆ. ಅದನ್ನು ಬಿಚ್ಚಿದರೆ ನಳಿಗೆಯೇ ಸಡಿಲ. ನಿಮ್ಮ ಮಾದರಿಯ ಬಿಡಿಭಾಗಗಳ ಚಿತ್ರ ನೋಡದೆ ಕೈ ಹಾಕಬೇಡಿ.

ಗುರಿಕಾರ:

ಎಣ್ಣೆ ಒಂದೂವರೆ ದಿನ. 120 ಡಿಗ್ರಿ ಮೂರು ಸಲ, ಅಲುಗಲಿಲ್ಲ. ಸೀಸವಿಲ್ಲದ ತಂತಿ ಕರಗುವ ತನಕ ಕಾಯಿಸಿ ಕಾಲರಿನಲ್ಲಿ ತಟ್ಟಿದಾಗ ಟಕ್ ಎಂದು ಬಿಟ್ಟಿತು. ಎರಡು ಸುತ್ತು ಸಲೀಸಾಗಿ ಬಂತು, ಮೂರನೆಯದರಲ್ಲಿ ಕಿರುಗುಟ್ಟಿ ಮತ್ತೆ ಬಿಗಿಯಾಗಿದೆ. ಈಗ ತಣ್ಣಗಾಗಿದೆ. ಬಲ ಹಾಕಲೇ?

ಲೇತ್ ಮೇಷ್ಟ್ರು:

ಬೇಡ! ಕಿರುಗುಟ್ಟಿದ ಸದ್ದೇ ಎಚ್ಚರಿಕೆ. ಅಲ್ಯೂಮಿನಿಯಮ್ ಕಿತ್ತು ಉಕ್ಕಿನ ಥ್ರೆಡ್ ಸಂದಿಯಲ್ಲಿ ಉಂಡೆ ಕಟ್ಟುತ್ತಿದೆ. ಮುಂದಕ್ಕೆ ಎಳೆದಷ್ಟೂ ಉಂಡೆ ದೊಡ್ಡದಾಗುತ್ತದೆ.

ವಾಪಸ್ ಬಿಗಿಯುವ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿ. ಈಗ ಹಿಂದೆ ಎರಡು ಸುತ್ತಿನ ಸಂದು ಇದೆಯಲ್ಲ, ಸುಮಾರು 1.8 ಮಿ.ಮೀ., ಅಲ್ಲಿ ಥ್ರೆಡ್ ಬರಿಗಣ್ಣಿಗೇ ಕಾಣುತ್ತದೆ. ಆ ಸಂದಿಯ ಪುಡಿಯನ್ನು ಹಳೆಯ ಟೂತ್ ಬ್ರಷ್ಷಿನಿಂದ ತೆಗೆದು ಎಣ್ಣೆ ಧಾರಾಳವಾಗಿ ಹಾಕಿ. ಆಮೇಲೆ ಕಾಲು ಸುತ್ತು ಬಿಚ್ಚುವುದು, ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ವಾಪಸ್. ಟ್ಯಾಪ್ ಹಾಕುವಾಗ ಮಾಡುವ ಹಾಗೆ. ಬಿಗಿ ಅನಿಸಿದ ಕೂಡಲೇ ಹಿಂದಕ್ಕೆ. ಪ್ರತಿ ಒಂದು ಸುತ್ತಿಗೂ ಎಣ್ಣೆ. ಒರೆಸಿದ ಬಟ್ಟೆಯಲ್ಲಿ ಬೂದು ಕೆಸರು ಬರುತ್ತಿದ್ದರೆ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಇನ್ನೂ ಹದಿಮೂರು ಹದಿನಾಲ್ಕು ಸುತ್ತು ಇದೆ, ಒಂದು ಗಂಟೆ ಹಿಡಿದರೂ ಆತುರ ಬೇಡ.

ನಡುವೆ ಸಿಕ್ಕಿಕೊಂಡರೆ ಹೊರಗೆ ಒರೆಸಿ 120ಕ್ಕೆ ಕಾಯಿಸಿ, ಬಿಸಿಯಲ್ಲೇ ಹಿಂದೆಮುಂದೆ. ಎಣ್ಣೆಯ ಹೊಗೆ ಬರುತ್ತದೆ, ಉಸಿರಿಗೆ ತೆಗೆದುಕೊಳ್ಳಬೇಡಿ.

ಕೋವಿ ರಿಪೇರಿ:

ಅದಕ್ಕೂ ಬಗ್ಗದೆ ಪೂರ್ತಿ ಹಿಡಿದುಕೊಂಡರೆ ಪ್ರೊಟೆಕ್ಟರನ್ನು ಸೀಳಿ ತೆಗೆಯುವುದು. ಇದನ್ನು ಸೋಲು ಅಂದುಕೊಳ್ಳಬೇಕಾಗಿಲ್ಲ. ನಳಿಗೆಯ ಥ್ರೆಡ್ ಕಿತ್ತುಹೋಗುವುದಕ್ಕಿಂತ ಎಷ್ಟೋ ಮೇಲು.

ಬೋರಿನೊಳಗೆ ಗ್ರೀಸ್ ಸವರಿದ ಬಟ್ಟೆ ತುರುಕಿ, ಕ್ರೌನ್ ಮೇಲೆ ಎರಡು ಪದರ ಟೇಪು, ಶೋಲ್ಡರಿನ ಹಿಂದೆ ನಳಿಗೆಗೂ ಟೇಪು. ಡ್ರೆಮೆಲ್ ಥರದ ಯಂತ್ರದಲ್ಲಿ 1 ಮಿ.ಮೀ. ಕತ್ತರಿಸುವ ಚಕ್ರ, ಇಲ್ಲವೇ ಸಣ್ಣ ಹ್ಯಾಕ್ಸಾ. ಅಲ್ಯೂಮಿನಿಯಮ್ಮಿಗೆ ಹ್ಯಾಕ್ಸಾವೇ ವಾಸಿ, ಚಕ್ರಕ್ಕೆ ಅಲ್ಯೂಮಿನಿಯಮ್ ಮೆತ್ತಿಕೊಳ್ಳುತ್ತದೆ. ನಳಿಗೆಯ ಉದ್ದಕ್ಕೆ ಸಮಾನಾಂತರವಾಗಿ ಒಂದೇ ಗೆರೆ. ಗೋಡೆ 1.9, ನೀವು 1.6ಕ್ಕೆ ನಿಲ್ಲಿಸಿ. ಬ್ಲೇಡಿನ ಮೇಲೆ ಮಾರ್ಕರಿನಲ್ಲಿ ಆಳದ ಗುರುತು ಹಾಕಿಕೊಳ್ಳಿ. ಹಿಂದಿನ ತುದಿಯಲ್ಲಿ 2 ಮಿ.ಮೀ. ಮುಟ್ಟಲೇಬೇಡಿ, ಅದರ ಹಿಂದೆ ಶೋಲ್ಡರ್ ಇದೆ. ಥ್ರೆಡ್ ತುದಿಯಲ್ಲಿ ಒಂದು ಸಣ್ಣ ಗೀರಾದರೆ ಏನೂ ಆಗುವುದಿಲ್ಲ, ಶೋಲ್ಡರಿನಲ್ಲಿ ಗೀರೆದ್ದರೆ ಮುಂದೆ ಕೂರಿಸುವ ಪ್ರತಿಯೊಂದೂ ಸೊಟ್ಟಗೆ ಕೂರುತ್ತದೆ.

ಆಮೇಲೆ ಸೀಳಿನಲ್ಲಿ ಅಗಲ ಸರಿಹೊಂದುವ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಚಿ. ಉಳಿದ 0.3 ಮಿ.ಮೀ. ಟಪ್ ಎಂದು ಬಿರಿಯುತ್ತದೆ, ಬಳೆ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಕೈಯಲ್ಲೇ ಬರುತ್ತದೆ. ಉಳಿ ಇಟ್ಟು ಹೊಡೆಯಬೇಡಿ.

ಗುರಿಕಾರ:

ಸೀಳುವ ಅಗತ್ಯ ಬೀಳಲಿಲ್ಲ, ಹಿಂದೆಮುಂದೆ ಮಾಡಿ ಪೂರ್ತಿ ಬಂತು. ನಳಿಗೆಯ ಥ್ರೆಡ್ಡಿನಲ್ಲಿ ಮೂರನೆಯಿಂದ ಆರನೆಯ ಸುತ್ತಿನವರೆಗೆ ಬೆಳ್ಳಿಯಂತೆ ಅಲ್ಯೂಮಿನಿಯಮ್ ಮೆತ್ತಿಕೊಂಡಿದೆ. ಡೈ (ಹೊರ ಥ್ರೆಡ್ ಕೊರೆಯುವ ಬಳೆ) ಹಾಕಿ ಒಂದು ಸಲ ತೆಗೆದುಬಿಡಲೇ?

ಲೇತ್ ಮೇಷ್ಟ್ರು:

ಕೈಯಲ್ಲಿ ಹಿಡಿದು ಹಾಕುವ ಡೈ ಸೊಟ್ಟಗೆ ಹತ್ತಿದರೆ ಒಳ್ಳೆಯ ಥ್ರೆಡ್ಡನ್ನೂ ಕೆತ್ತಿಬಿಡುತ್ತದೆ, ಮೇಲಿನ ಬ್ಲೂಯಿಂಗನ್ನೂ ಕೆರೆಯುತ್ತದೆ. ಅಲ್ಯೂಮಿನಿಯಮ್ ಉಕ್ಕಿಗಿಂತ ಮೆತ್ತಗಿರುವುದರಿಂದ ಅದರ ಅಗತ್ಯವೂ ಇಲ್ಲ. ಹಿತ್ತಾಳೆ ಸರಳಿನ ತುದಿಯನ್ನು ಅರದಿಂದ 60 ಡಿಗ್ರಿ ಚೂಪು ಮಾಡಿ, ಅದನ್ನು ಥ್ರೆಡ್ ಸಂದಿಯಲ್ಲಿಟ್ಟು ಸುತ್ತಿನ ಗುಂಟ ಎಳೆಯಿರಿ, ಸುರುಳಿಯಾಗಿ ಏಳುತ್ತದೆ. ಉಳಿದದ್ದಕ್ಕೆ ಹಿತ್ತಾಳೆ ಬ್ರಷ್ಷು. ನೀಲಿ ಲಾಕರಿನ ಚೂರೂ ಅದರಲ್ಲೇ ಬರುತ್ತದೆ. ಡ್ರೈನ್ ತೊಳೆಯುವ ಕಾಸ್ಟಿಕ್ ಅಲ್ಯೂಮಿನಿಯಮ್ ಕರಗಿಸುತ್ತದೆ ನಿಜ, ಆದರೆ ಕಣ್ಣಿಗೆ ಚರ್ಮಕ್ಕೆ ಅಪಾಯ, ಹೈಡ್ರೋಜನ್ ಬೇರೆ ಬಿಡುತ್ತದೆ. ನಾಲ್ಕು ಸುತ್ತಿಗೆ ಅಷ್ಟು ಸಾಹಸ ಯಾಕೆ.

ಹೊಸ ಪ್ರೊಟೆಕ್ಟರ್ ಬೆರಳಲ್ಲಿ ಶೋಲ್ಡರ್ ತನಕ ಎಲ್ಲೂ ತಡೆಯದೆ ಓಡಬೇಕು. ಓಡಿದರೆ ಥ್ರೆಡ್ ಸರಿ. ಕ್ರೌನ್ ಅಂಚಿನ ಸುತ್ತ ಹತ್ತಿಯ ಕಡ್ಡಿ ಒಳಗಿನಿಂದ ಹೊರಗೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡ ಕಡೆ ಬರ್ರ್ (ಎದ್ದುನಿಂತ ಲೋಹದ ಮುಳ್ಳು) ಇದೆ.

ಎಣ್ಣೆ ಬಟ್ಟೆ:

ಹಾಕುವಾಗ ಉಕ್ಕಿನ ಪ್ರೊಟೆಕ್ಟರನ್ನೇ ಹಾಕಿ. ಅಲ್ಯೂಮಿನಿಯಮ್ ಮತ್ತು ಉಕ್ಕು ಒಟ್ಟಿಗಿದ್ದು ತೇವ ಸೇರಿದರೆ ಅಲ್ಯೂಮಿನಿಯಮ್ ತಾನೇ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಅದು ಬೆಣೆಯ ಹಾಗೆ ಕೂತಿದ್ದು. ಅಕ್ಕಿಕಾಳಿನಷ್ಟು ನಿಕಲ್ ಆ್ಯಂಟಿಸೀಝ್ (ಥ್ರೆಡ್ ಕಚ್ಚದಂತೆ ತಡೆಯುವ ಲೇಪ) ಸಾಕು, ಮೊದಲ ಮೂರು ಸುತ್ತಿಗೆ ಸವರಿ. ಕ್ರೌನ್ ಕಡೆಗೆ ಹಿಂಡಿಕೊಂಡು ಬಂದದ್ದನ್ನು ಒರೆಸಿ. ಕೈಬಿಗಿ ಮಾತ್ರ. ಅದುರಿ ಸಡಿಲವಾಗುತ್ತದೆ ಅಂದರೆ ಶೋಲ್ಡರಿನ ಹತ್ತಿರ ತೆಳ್ಳನೆಯ ಓ-ರಿಂಗ್ ಹಾಕಿ, ಲಾಕರ್ ಬೇಡ. ಪ್ಲಂಬರುಗಳ ಬಿಳಿ ಟೇಪು ಕೂಡ ಬೇಡ, 260 ಡಿಗ್ರಿ ದಾಟಿದರೆ ಅದು ಕೆಡುತ್ತದೆ. ಪ್ರತಿ ಸಲ ನಳಿಗೆ ಒರೆಸುವಾಗ ಇದನ್ನೂ ಬಿಚ್ಚಿ ಹಾಕಿ.

ಗುರಿಕಾರ:

ಸರಿ, ಉಕ್ಕಿನದ್ದನ್ನೇ ಹಾಕುತ್ತೇನೆ. ಪ್ರೊಟೆಕ್ಟರ್ ಬದಲಾದರೆ ಗುರಿ ಬದಲಾಗುತ್ತದೆಯೇ?

ತಿರುಪು:

ಆಗಬಹುದು. ಅಲ್ಯೂಮಿನಿಯಮ್ಮಿನದಕ್ಕಿಂತ ಉಕ್ಕಿನದು ಸುಮಾರು ಮೂರು ಪಟ್ಟು ತೂಕ, ನಳಿಗೆಯ ತುದಿಯಲ್ಲಿ ಕೆಲವು ಗ್ರಾಂ ಹೆಚ್ಚಾದರೂ ತೆಳ್ಳನೆಯ ನಳಿಗೆ ಅದುರುವ ರೀತಿ ಬದಲಾಗುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಬೋರ್ ಮತ್ತು ಚೇಂಬರಿನ ಎಣ್ಣೆ ಪೂರ್ತಿ ತೆಗೆಯಿರಿ. ಐದು ಗುಂಡಿನ ಒಂದು ಗುಂಪು ಪ್ರೊಟೆಕ್ಟರ್ ಹಾಕಿ, ಇನ್ನೊಂದು ಬಿಚ್ಚಿ ಹೊಡೆದು ನೋಡಿ. ನಡುವಿನ ಬಿಂದು ಸರಿದಿದ್ದರೆ ಯಾವುದರಲ್ಲಿ ಬಳಸುತ್ತೀರೋ ಅದಕ್ಕೆ ಸ್ಕೋಪ್ ಹೊಂದಿಸಿ.